ಉಜ್ಜಿ ತೊಳೆದ ಕಾವಲಿ

ಭಾನುವಾರ ಬೆಳಿಗ್ಗೆ ಹಿತ್ತಲಿನಿಂದ ಕ್ಲೆಮ್‌ನ ಕೂಗು ಕೇಳಿದಾಗ ಡಲ್ಸಿ ಹಾವೇ ಕಚ್ಚಿತೆಂದುಕೊಂಡಳು. ಸೌದೆ ರಾಶಿಯ ಅಡಿಗೆ ಕಂದುಹಾವು ಬಂದು ಸೇರಿಕೊಳ್ಳುವ ಕಾಲ ಅದು. ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟು ಓಡಿ ಹೋಗಿ ನೋಡಿದರೆ, ಗಂಡ ಇಟ್ಟಿಗೆ ಒಲೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ಗಟ್ಟಿಮುಟ್ಟಾಗಿಯೇ ನಿಂತಿದ್ದ.

“ಯಾರೇ ಮಾಡಿದ್ದು ಇದನ್ನ?”

ಒಲೆಯ ಮೇಲಿನ ಬೀಡುಕಬ್ಬಿಣದ ಕಾವಲಿ ಬೋಳಾಗಿತ್ತು. ಇಬ್ಬರು ಹಿಡಿದು ಎತ್ತಬೇಕಾದ ದೊಡ್ಡ ಕಾವಲಿ. ಕ್ಲೆಮ್ ರೈಲ್ವೆಯಲ್ಲಿದ್ದಾಗ ಬೆಂಡಿಗೊ ಪಟ್ಟಣದ ಎರಕದವನೊಬ್ಬ ಅವನ ಮದುವೆಗೆಂದು ಎರೆದು ಕೊಟ್ಟದ್ದು. ಅಂದಿನಿಂದ ಸಾಬೂನಿನ ಮುಖ ಕಾಣದೆ, ಕೊಬ್ಬು ಕುಡಿದು ಕುಡಿದು, ಕಾಗೆಯ ರೆಕ್ಕೆಯ ಹಾಗೆ ಕಪ್ಪಗೆ ಮಿನುಗುತ್ತಿತ್ತು. ಮೊಟ್ಟೆ ಒಡೆದು ಹಾಕಿದರೆ ತಾನಾಗಿ ಜಾರುತ್ತಿತ್ತು. ಈಗ ನೋಡಿದರೆ ಬೂದಿಬಣ್ಣ. ಇಬ್ಬನಿ ಬಿದ್ದ ಕಡೆಯೆಲ್ಲ ಆಗಲೇ ತುಕ್ಕು ಹಿಡಿದಿತ್ತು.

ಸೊಸೆ ಲಿಯಾನ್ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಳು. “ನಾನು, ಕ್ಲೆಮ್. ನಿನ್ನೆ ಸಂಜೆ. ವೋಟಿನ ಜಿಡ್ಡೆಲ್ಲ ಹಂಗೇ ಇತ್ತಲ್ಲ.”

ಹಿಂದಿನ ದಿನ ಚುನಾವಣೆಯಿತ್ತು. ಮತ ಹಾಕಲು ಬಂದವರಿಗೆ ಶಾಲೆಯ ಅಂಗಳದಲ್ಲಿ ಸಾಸೇಜ್ ಸುಟ್ಟು, ಬ್ರೆಡ್ಡಿನಲ್ಲಿ ಸುತ್ತಿ ಮಾರುವುದು ಮಕ್ಕಳ ತಂದೆತಾಯಿಯರ ಪಾಲಿನ ಕೆಲಸ. ಅದಕ್ಕೆ ಪ್ರತಿ ಸಲವೂ ಕ್ಲೆಮ್‌ನ ಕಾವಲಿಯೇ ಹೋಗಬೇಕು. ಸಂಜೆ ಮಗ ಗ್ರಾಂಟ್ ಅದನ್ನು ತಂದಿಳಿಸಿ, ಗೋಧಿ ಸಾಗಿಸಲು ಲಾರಿ ಹತ್ತಿ ಹೋಗಿಬಿಟ್ಟಿದ್ದ.

“ಯಾವುದ್ರಲ್ಲಿ ಉಜ್ಜಿದೆ?”

“ತಂತಿ ಬ್ರಷ್ಷಲ್ಲಿ. ಸಾಬೂನು ನೀರು ಹಾಕಿ. ಮೊಣಕೈ ಕಳಚಿ ಬೀಳೋ ಹಂಗೆ ಉಜ್ಜಿದ್ದೀನಿ. ಊರೋರೆಲ್ಲ ತಿಂದ ಕಾವಲಿ ಅದು. ನಾನು ಕೆಲ್ಸ ಮಾಡೋ ವೃದ್ಧಾಶ್ರಮದ ಅಡುಗೆಮನೇಲಿ ಹಿಂಗೆ ಬಿಟ್ಟಿದ್ರೆ ಬೀಗ ಜಡೀತಿದ್ರು.”

“ಇದು ನಿನ್ನ ವೃದ್ಧಾಶ್ರಮ ಅಲ್ಲ ಹುಡುಗಿ.”

“ಮುದುಕರೇನೋ ಇಬ್ಬರಿದ್ದಾರೆ,” ಅಂದಳು ಲಿಯಾನ್, ನಗಿಸೋಣವೆಂದು.

ಯಾರೂ ನಗಲಿಲ್ಲ. ಚಳಿಗಾಲದಲ್ಲಿ ತಾವಿದ್ದ ಬಾಡಿಗೆ ಮನೆಯನ್ನು ಯಜಮಾನ ಮಾರಿದ ಮೇಲೆ ಮಗ, ಸೊಸೆ, ಮೊಮ್ಮಗಳು ಇಲ್ಲಿಗೆ ಬಂದು ಸೇರಿದ್ದರು. ಒಂದು ಅಡುಗೆಮನೆ, ಇಬ್ಬರು ಹೆಂಗಸರು. ಉಪ್ಪಿನ ಡಬ್ಬಿ ಇಡುವ ಜಾಗಕ್ಕೂ ಒಂದು ಮಾತು ಬಂದು ಹೋಗುತ್ತಿತ್ತು. ಹಿತ್ತಲೊಂದೇ ಜಗಳ ಮುಟ್ಟದ ಜಾಗವಾಗಿತ್ತು.

“ಹೋಗ್ಲಿ ಬಿಡು ಕ್ಲೆಮ್,” ಅಂದಳು ಡಲ್ಸಿ. “ಕಬ್ಬಿಣ ತಾನೆ. ಮತ್ತೆ ಪಳಗುತ್ತೆ.”

“ಪಳಗುತ್ತೆ. ನಾನು ಹೋದ ಮೇಲೆ.”

ಆದರೂ ಭಾನುವಾರ ಭಾನುವಾರವೇ. ಕ್ಲೆಮ್ ಹಂದಿಕೊಬ್ಬು ಸವರಿ, ಕೆಳಗೆ ಬೆಂಕಿ ಹೊತ್ತಿಸಿ, ಈರುಳ್ಳಿ ಹರಡಿ, ಸಾಸೇಜ್ ಸಾಲಾಗಿ ಮಲಗಿಸಿದ. ಮೊದಲು ಬೆಂದದ್ದು ಬೇಯಿಸಿದವನಿಗೆ, ಅದೂ ನಿಂತೇ, ಇಕ್ಕಳದಿಂದಲೇ. ಆ ಮನೆಯಲ್ಲಿ ಅವನ ಅಪ್ಪನ ಕಾಲದಿಂದ ಹಾಗೆ. ಊದಿ ಊದಿ ಕಚ್ಚಿದ. ನುಂಗಿದ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಬಿಯರ್ ಗುಟುಕರಿಸಿ ಎದೆ ತಟ್ಟಿಕೊಂಡ.

“ತುಕ್ಕಿನ ರುಚಿ,” ಅಂದ. ಉಳಿದ ತುಂಡನ್ನು ನಾಯಿಗೆ ಎಸೆದು, ಮಿಕ್ಕದ್ದನ್ನೆಲ್ಲ ಉಳಿದವರಿಗೆ ಬಡಿಸಿ, ಖಾಲಿ ತಟ್ಟೆಯ ಮುಂದೆ ಕೂತ. ಲಿಯಾನ್ ತಲೆ ಎತ್ತದೆ ತಿಂದಳು.

ಆಮೇಲೆ ಅವನು ಊಟ ಬಿಟ್ಟ. ಪೂರ್ತಿ ಬಿಟ್ಟನೆಂದಲ್ಲ, ಚಹಾ ಆರಿಸಿ ಕುಡಿಯುತ್ತಿದ್ದ, ಕಸ್ಟರ್ಡ್ ಕೊಟ್ಟರೆ ಅಷ್ಟಿಷ್ಟು ತಿನ್ನುತ್ತಿದ್ದ. ಮಾಂಸದ ತಟ್ಟೆಯನ್ನು ಮಾತ್ರ ಬೆರಳ ತುದಿಯಿಂದ ಆಚೆ ಸರಿಸುತ್ತಿದ್ದ.

ಗ್ರಾಂಟ್ ಊಟಕ್ಕೆ ಸಿಕ್ಕಿದ ಒಂದು ಸಂಜೆ ಲಿಯಾನ್ ಒಲೆಯಲ್ಲಿ ಕುರಿಮಾಂಸ ಹುರಿದಿದ್ದಳು. ಕ್ಲೆಮ್ ತಟ್ಟೆ ಸರಿಸಿದ.

“ಸಿಟ್ಟಿದ್ರೆ ಬೈದುಬಿಡಿ ಕ್ಲೆಮ್. ಊಟದ ಮೇಲೆ ಯಾಕೆ ತೋರಿಸ್ತೀರಿ?”

“ಹಸಿವಿಲ್ಲ.”

“ನಾನು ಮಾಡಿದ್ದಕ್ಕೆ ಹಸಿವಿಲ್ಲ. ಸರಿ. ನಾಳೆಯಿಂದ ಡಲ್ಸಿನೇ ಮಾಡ್ಲಿ.”

“ಅಪ್ಪ, ಸಣ್ಣ ಮಗು ಥರ ಆಡ್ಬೇಡ,” ಅಂದ ಗ್ರಾಂಟ್, ಬಾಯ್ತುಂಬ ಆಲೂಗಡ್ಡೆಯಿಟ್ಟುಕೊಂಡು. “ಒಂದು ಕಾವಲಿಗೋಸ್ಕರ ಇಷ್ಟು ದಿನ ಯಾರು ಮುನಿಸ್ಕೋತಾರೆ?”

ಜೋಡಿ ಎಂಬ ಹೆಸರಿನ ಮೊಮ್ಮಗಳು ನ್ಯಾಯ ಕೇಳಿದಳು. “ನಾನು ಊಟ ಬಿಟ್ರೆ ನಂಗೆ ಐಸ್‌ಕ್ರೀಮ್ ಇಲ್ಲ. ತಾತಂಗೆ ಮಾತ್ರ ಕಸ್ಟರ್ಡ್ ಕೊಡ್ತೀರ!”

“ನಿನ್ನ ತಾತ ಮುದುಕ ಆಗೋಕೆ ಎಷ್ಟು ಕಷ್ಟಪಟ್ಟಿದ್ದಾನೆ ಗೊತ್ತಾ? ನೀನೂ ಆಗು, ಕೊಡ್ತಾರೆ,” ಅಂದ ಕ್ಲೆಮ್. ಹಾಗೆಂದವನೇ ಚಹಾ ಬಾಯಿಗಿಟ್ಟ.

ಡಲ್ಸಿ ನೋಡಿದ್ದು ಆಗ. ನುಂಗುವ ಮೊದಲು ಅವನು ಕಣ್ಣು ಮುಚ್ಚಿದ. ತಲೆ ಒಂದು ಪಕ್ಕಕ್ಕೆ ವಾಲಿತು. ಎಡಗೈ ಮೇಜಿನ ಅಂಚನ್ನು ಹಿಡಿಯಿತು, ಬೆರಳ ಗೆಣ್ಣು ಬೆಳ್ಳಗಾಗುವ ಹಾಗೆ. ಗುಟುಕು ಇಳಿಯಿತು. ಕೈ ಸಡಿಲವಾಯಿತು. ಮುನಿಸಿಕೊಂಡವರು ಹಾಗೆ ಚಹಾ ಕುಡಿಯುವುದಿಲ್ಲ.

ಮಾರನೆಯ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಅವನನ್ನು ಹುಡುಕಿಕೊಂಡು ಹೋದಳು. ಶೆಡ್ಡಿನಲ್ಲಿ ಹಳೇ ಕುರ್ಚಿಯ ಮೇಲೆ ಕೂತು, ಬಾಳೆಹಣ್ಣನ್ನು ಬಟ್ಟಲಲ್ಲಿ ಹಿಸುಕಿ, ಹಾಲು ಹಾಕಿ, ಚಮಚದ ತುದಿಯಿಂದ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ.

“ಎಲ್ಲಿ ನೋವು?”

“ಯಾರಿಗೆ ನೋವು?”

“ಕ್ಲೆಮ್.”

ಅವನು ಬಟ್ಟಲನ್ನು ಕೆಳಗಿಟ್ಟು, ಗಂಟಲಿನ ಬಲಗಡೆ ಒಂದು ಬೆರಳಿಟ್ಟು ತೋರಿಸಿದ. “ಲೆಸ್ ಕೂಡ ಇಲ್ಲೇ ತೋರಿಸ್ತಿದ್ದ.”

ಲೆಸ್ ಅವನ ಅಣ್ಣ, ಗಂಟಲಿನ ಗೆಡ್ಡೆಯಿಂದ ಸತ್ತವನು. ಡಲ್ಸಿಗೆ ಕೂರಲು ಏನೂ ಸಿಗಲಿಲ್ಲ, ಪೇಂಟಿನ ಡಬ್ಬದ ಮೇಲೆ ಕೂತಳು.

“ಡಾಕ್ಟ್ರ ಹತ್ರ ಹೋಗೋಣ. ಈಗಲೇ.”

“ಹೋಗಿ? ಲೆಸ್ ಹೋದ. ಮೀನಿನ ಮುಳ್ಳಿರ್ಬೇಕು ಅಂದ್ರು. ನಾವೆಲ್ಲ ನಕ್ಕಿದ್ವಿ, ನೆನಪಿದ್ಯಾ? ಮುಳ್ಳಂತೆ! ಆಮೇಲೆ ಕೊಯ್ದರು, ಸುಟ್ಟರು, ಕೊನೆಗೆ ಮೂಗಲ್ಲಿ ನಳಿಕೆ ಹಾಕಿ ಕೂರಿಸಿದ್ರು. ಕಾಲಲ್ಲಿ ನಡ್ಕೊಂಡು ಹೋದೋನು ಪೆಟ್ಟಿಗೇಲಿ ಬಂದ.”

“ನಿಂದು ಅದೇ ಅಂತ ಯಾರು ಹೇಳಿದ್ರು?”

“ನಂಗೂ ಅದೇ ಅಪ್ಪ, ಅದೇ ಅಮ್ಮ. ಅದೇ ಪೈಪು ಸೇದಿದ್ದೀನಿ.” ಅವನು ಅವಳ ಮೊಣಕಾಲ ಮೇಲೆ ಕೈಯಿಟ್ಟ. “ಕೇಳೇ ಮುದುಕಿ. ಸುಗ್ಗಿ ಮುಗೀಲಿ. ಗ್ರಾಂಟ್ ನಿದ್ದೆಗೆಟ್ಟು ಲಾರಿ ಓಡಿಸ್ತಿದ್ದಾನೆ. ಇದನ್ನ ತಲೇಲಿಟ್ಕೊಂಡು ಸ್ಟಿಯರಿಂಗ್ ಹಿಡಿದ್ರೆ ನನಗಿಂತ ಮುಂಚೆ ಅವನು ಹೋಗ್ತಾನೆ. ಸುಗ್ಗಿ ಆದ್ಮೇಲೆ ನೀನು ಹೇಳಿದ ಕಡೆ ಬರ್ತೀನಿ. ಅಲ್ಲೀವರೆಗೂ ಬಾಯಿ ಬಿಡಬೇಡ. ಮಾತು ಕೊಡು.”

ಅವಳು ಕೊಟ್ಟಳು. ಗ್ರಾಂಟ್‌ನ ಲಾರಿ, ಕತ್ತಲ ರಸ್ತೆ, ಅಡ್ಡ ಬರುವ ಕಾಂಗರೂಗಳು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದುಬಿಟ್ಟಿದ್ದವು.

ಆಮೇಲಿನ ವಾರಗಳು ಡಲ್ಸಿಗೆ ಬಿಸಿ ಪಾತ್ರೆ ಬರಿಗೈಯಲ್ಲಿ ಹಿಡಿದು ನಿಂತ ಹಾಗೆ ಕಳೆದವು. ಇಳಿಸುವ ಹಾಗಿಲ್ಲ, ಕೂಗುವ ಹಾಗಿಲ್ಲ. ಸಿಹಿಗುಂಬಳ ಬೇಯಿಸಿ, ಹಿಸುಕಿ, ಜರಡಿಯಲ್ಲಿ ಸೋಸಿ ಸೂಪು ಮಾಡುತ್ತಿದ್ದಳು. ಮೊದಮೊದಲು ಒಂದು ಬಟ್ಟಲು ಹೋಗುತ್ತಿದ್ದದ್ದು ಅರ್ಧಕ್ಕಿಳಿಯಿತು. ಕ್ಲೆಮ್ ಶೆಡ್ಡಿಗೆ ಹೋಗಿ ಬೆಲ್ಟಿಗೆ ಹೊಸ ತೂತು ಕೊರೆದುಕೊಂಡು ಬಂದ. ಅವನ ಬಟ್ಟೆ ಒಗೆಯುವಾಗ ಕಾಲರಿನ ಮೇಲೆ ಜೊಲ್ಲಿನ ಕಲೆ ಕಾಣಿಸತೊಡಗಿತು. ಅವಳು ಆ ಅಂಗಿಗಳನ್ನು ಬೇರೆ ತೆಗೆದಿಟ್ಟು, ಲಿಯಾನ್ ನೋಡುವ ಮೊದಲೇ ಕೈಯಲ್ಲಿ ಒಗೆದು ಹಾಕುತ್ತಿದ್ದಳು.

“ಸೋಸಿ ಕೊಡಿ, ಇನ್ನಷ್ಟು ಸೋಸಿ ಕೊಡಿ,” ಅಂದಳು ಲಿಯಾನ್ ಒಂದು ದಿನ, ಕೆಲಸದಿಂದ ಬಂದವಳು ಚೀಲ ಕೆಳಗಿಡುತ್ತ. “ಅವರ ಹಠಕ್ಕೆ ನೀವೇ ತುಪ್ಪ ಸುರೀತಿದ್ದೀರಿ.”

“ನಿಂಗೆ ಗೊತ್ತಿಲ್ದಿರೋದಕ್ಕೆ ಬಾಯಿ ಹಾಕ್ಬೇಡ.”

“ಏನು ಗೊತ್ತಿಲ್ಲ? ಹೇಳಿ. ಈ ಮನೇಲಿ ನಂಗೆ ಏನು ಗೊತ್ತಿಲ್ಲ ಅಂತ ಒಂದು ಸಲ ಕೂತ್ಕೊಂಡು ಹೇಳಿಬಿಡಿ. ಚಮಚ ಎಲ್ಲಿಡ್ಬೇಕು ಗೊತ್ತಿಲ್ಲ. ಕಾವಲಿ ತೊಳೀಬಾರ್ದು ಅಂತ ಗೊತ್ತಿಲ್ಲ. ಮುಂದಿಂದು?”

ಮಾತು ಡಲ್ಸಿಯ ನಾಲಿಗೆಯ ತುದಿಯವರೆಗೂ ಬಂತು. ಹೊರಗೆ ಲಾರಿ ಬಂದು ನಿಂತ ಸದ್ದು ಕೇಳಿಸಿತು. ಅವಳು ಜರಡಿ ತಿರುಗಿಸಿ ನಲ್ಲಿಯ ಕೆಳಗೆ ಹಿಡಿದಳು.

ಮರುದಿನದಿಂದ ಲಿಯಾನ್ ಅತ್ತೆಯೊಡನೆ ಮಾತು ಬಿಟ್ಟಳು. ಅದು ಅವಳಿಗೆ ಹೆಚ್ಚು ದಿನ ಆಗದ ಕೆಲಸ. ರಜೆಯ ಬೆಳಿಗ್ಗೆ ಎದ್ದು, ಯಾರನ್ನೂ ಕೇಳದೆ, ತೋಳು ಮಡಚಿಕೊಂಡು ಹಿತ್ತಲಿಗೆ ಹೋಗಿ ಕ್ಲೆಮ್‌ನ ಮುಂದೆ ನಿಂತಳು.

“ಹೇಳಿಕೊಡಿ. ಹಾಳು ಮಾಡಿದೋಳೇ ಸರಿ ಮಾಡ್ತೀನಿ.”

ಕ್ಲೆಮ್ ಜಾಲಿ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಹೆಗಲ ಮೇಲೆ ಕಂಬಳಿ.

“ಕಲ್ಲುಪ್ಪು ತಾ. ಒಂದು ಆಲೂಗಡ್ಡೆ ಅರ್ಧ ಮಾಡ್ಕೊಂಡು ಬಾ. ಮೊದ್ಲು ತುಕ್ಕು ತೆಗಿ.”

ಡಲ್ಸಿ ಬಟ್ಟೆ ಹರವುತ್ತ ಕೇಳಿಸಿಕೊಂಡಳು. ಗಂಡನ ದನಿ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವನ ದನಿಯಂತೆ ಆಗಿತ್ತು. ಆ ಬಿಸಿಲಿನಲ್ಲಿ ಕಂಬಳಿ. ಅವಳ ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು.

“ಎಣ್ಣೆ ಹಾಕ್ಲಾ?”

“ಹಾಕು. ತೆಳ್ಳಗೆ. ಅಯ್ಯೋ, ಅಷ್ಟಲ್ಲ! ಸ್ನಾನ ಮಾಡಿಸ್ತಿದ್ದೀಯಾ ಅದಕ್ಕೆ? ಈಗ ಬಟ್ಟೇಲಿ ಒರೆಸು. ಹಾಕಿದ್ದೇ ತಪ್ಪಾಯ್ತು ಅನ್ನೋ ಹಂಗೆ ಪೂರ್ತಿ ಒರೆಸು. ಉಳಿದಿದ್ದು ಸಾಕು. ಆಮೇಲೆ ಬೆಂಕಿ. ಹೊಗೆ ಬಂದು, ಹೊಗೆ ನಿಲ್ಲೋವರೆಗೂ. ಆರಿದ ಮೇಲೆ ಮತ್ತೆ ಎಣ್ಣೆ.”

“ಎಷ್ಟು ಸಲ?”

“ಬೇಜಾರಾಗೋವರೆಗೂ. ಬೇಜಾರಾದ್ಮೇಲೆ ಇನ್ನೊಂದು ಸಲ.”

ಲಿಯಾನ್ ನಕ್ಕು, ಬಟ್ಟೆಯನ್ನು ಕಾವಲಿಯ ಅಂಚಿನ ಸಂದಿಗೆ ಒತ್ತಿ ಎಳೆದಳು. ಬಟ್ಟೆ ಸಿಕ್ಕಿಕೊಂಡಿತು. “ಆಯ್!” ಎಂದು ಕೈ ಹಿಂದೆಗೆದಳು. ಬೆರಳ ತುದಿಯಲ್ಲಿ ರಕ್ತದ ಹನಿ ಕೂತಿತ್ತು. ಬಗ್ಗಿ, ಉಗುರಿನಿಂದ ಕೆದಕಿ, ಏನನ್ನೋ ಎಳೆದು ಬಿಸಿಲಿಗೆ ಹಿಡಿದಳು. ಕೂದಲಿನಷ್ಟು ತೆಳ್ಳನೆಯ, ಸೂಜಿಯಷ್ಟು ಗಡುಸಾದ ತಂತಿಯ ಎಳೆ.

“ಇದೇನಿದು?”

“ನಿನ್ನ ಬ್ರಷ್ಷಿಂದು,” ಅಂದ ಕ್ಲೆಮ್. “ಇನ್ನೇನು.”

ಡಲ್ಸಿ ಒದ್ದೆ ಚಾದರ ಹಿಡಿದುಕೊಂಡೇ ಹತ್ತಿರ ಬಂದಿದ್ದಳು. ಸೊಸೆಯ ಬೆರಳ ನಡುವಿನ ಎಳೆಯನ್ನು ನೋಡಿದಳು. ಗಂಡನ ಕಡೆ ತಿರುಗಿದಳು.

“ನಿಂಗೆ ನೋವು ಶುರುವಾಗಿದ್ದು ಯಾವತ್ತು?”

“ಡಲ್ಸಿ.”

“ಆ ಭಾನುವಾರ. ಸಾಸೇಜ್ ತಿಂದು ಕೆಮ್ಮಿದ್ಯಲ್ಲ. ಅವತ್ತೇ ಅಲ್ವಾ?”

“ನೀನು ಮಾತು ಕೊಟ್ಟಿದ್ದೆ.”

“ಮಾತು ಹಾಳಾಗಿ ಹೋಗ್ಲಿ!” ಡಲ್ಸಿ ಅಷ್ಟು ಜೋರಾಗಿ ಕೂಗಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹಿಂದಿನ ರಾತ್ರಿ ಲಾರಿ ಓಡಿಸಿ ಮಲಗಿದ್ದ ಗ್ರಾಂಟ್ ಚಡ್ಡಿಯಲ್ಲೇ ಎದ್ದು ಬಂದ. ಅವಳು ಅವನಿಗೂ ಲಿಯಾನ್‌ಗೂ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಗಂಟಲು, ಲೆಸ್, ಜರಡಿ, ಕಾಲರಿನ ಜೊಲ್ಲು.

ಗ್ರಾಂಟ್ ಅಪ್ಪನ ಹಣೆ ಮುಟ್ಟಿ ನೋಡಿದ. “ಕೆಂಡ ಇದ್ದಂಗಿದೆ. ನಡಿ ಅಪ್ಪ, ಗಾಡಿ ತೆಗೀತೀನಿ.”

“ಬರಲ್ಲ.”

“ತಂತಿ ಇರ್ಬೋದಲ್ಲಪ್ಪ! ತೆಗೆದುಬಿಡ್ತಾರೆ, ಮುಗೀತು!”

“ಲೆಸ್‌ಗೂ ಹಂಗೇ ಹೇಳಿದ್ರು. ಮುಳ್ಳು, ತೆಗೆದ್ರೆ ಮುಗೀತು. ಅವನು ಅದನ್ನ ನಂಬಿದ್ದ ಕಣೋ. ಅದೇ ನೋಡೋಕಾಗ್ತಿರ್ಲಿಲ್ಲ. ನಂಗೆ ಆ ಆಸೆ ತೋರಿಸ್ಬೇಡಿ. ಹೆಂಗಿದ್ದೀನೋ ಹಂಗೇ ಇರೋಕೆ ಬಿಡಿ.”

“ಹೊತ್ಕೊಂಡು ಹೋಗ್ತೀನಿ.”

“ಮುಟ್ಟಿ ನೋಡು.”

ಲಿಯಾನ್ ಅವನ ಕುರ್ಚಿಯ ಮುಂದೆ ನೆಲಕ್ಕೆ ಕುಕ್ಕರಿಸಿ ಕೂತಳು.

“ಕ್ಲೆಮ್, ಇಲ್ಲಿ ನೋಡಿ. ನೀವು ಹೋಗಿಬಿಟ್ರೆ ಅದು ನಿಮ್ಮಣ್ಣನ ಕಾಯಿಲೇನಾ, ನನ್ನ ಬ್ರಷ್ಷಾ ಅಂತ ನಂಗೆ ಸಾಯೋವರೆಗೂ ಗೊತ್ತಾಗಲ್ಲ. ಪಾತ್ರೆ ತೊಳೆಯೋವಾಗೆಲ್ಲ ಅದೇ. ನಿಮ್ಮ ಮಗನ ಮುಖ ನೋಡಿದಾಗೆಲ್ಲ ಅದೇ. ನಂಗೆ ಇದನ್ನ ಕಟ್ಟಿಟ್ಟು ಹೋಗ್ತೀರಾ? ನಾನು ದೇವ್ರನ್ನ ಕೇಳ್ಕೊಳ್ತಿರೋದು ಏನು ಗೊತ್ತಾ? ನನ್ನದೇ ತಪ್ಪಾಗಿರ್ಲಿ ಅಂತ. ಬಂದು ಅದನ್ನಾದ್ರೂ ನೋಡಿ ಹೇಳಿ.”

ಕ್ಲೆಮ್ ಉಗುಳು ನುಂಗಿದ. ಅದಕ್ಕೂ ಅವನ ಕೈ ಕುರ್ಚಿಯ ತೋಳನ್ನು ಹಿಡಿಯಬೇಕಾಯಿತು. ಕಂಬಳಿ ತೆಗೆದು ಡಲ್ಸಿಯ ಕೈಗೆ ಕೊಟ್ಟ.

“ಶೂ ಎಲ್ಲಿದೆ?” ಅಂದ.

ಬೆಂಡಿಗೊದ ಆಸ್ಪತ್ರೆಯಲ್ಲಿ ಯುವ ಡಾಕ್ಟರೊಬ್ಬಳು ಪರದೆಯ ಮೇಲೆ ಅವನ ಕತ್ತಿನ ಚಿತ್ರ ತೋರಿಸಿದಳು. ಬೂದು ಮೋಡದಂಥ ಮಾಂಸದ ನಡುವೆ ಒಂದು ಬಿಳಿ ಗೀಟು, ಉಗುರಿನಲ್ಲಿ ಗೀರಿದ ಹಾಗೆ.

“ಇದು ಲೋಹ. ನಾಲಿಗೆಯ ಬುಡದಿಂದ ಒಳಗೆ ಸರಿದು ಹೋಗಿದೆ. ಸುತ್ತ ಕೀವು ಕಟ್ಟಿದೆ.” ಅವಳ ಬೆರಳು ಗೀಟಿನ ಪಕ್ಕದ ದಪ್ಪ ಗೆರೆಗೆ ಹೋಯಿತು. “ಇದು ತಲೆಗೆ ಹೋಗುವ ರಕ್ತನಾಳ. ತಂತಿಯ ತುದಿ ಇದರ ಹತ್ತಿರವೇ ಇದೆ. ಈಗಲೇ ತೆಗೆಯಬೇಕು. ತೆಗೆಯುವಾಗ ಏನೂ ಆಗುವುದಿಲ್ಲ ಅಂತ ನಾನು ಮಾತು ಕೊಡುವುದಕ್ಕಾಗುವುದಿಲ್ಲ.”

ಗ್ರಾಂಟ್ ಗೋಡೆಗೆ ಒರಗಿದ. ಲಿಯಾನ್ ಅಂದಳು, “ನನ್ನ ಮಗಳೂ ಅವತ್ತು ಅದರಲ್ಲೇ ತಿಂದ್ಲು.”

“ನೋವು ಅಂದಳಾ?”

“ಇಲ್ಲ.”

“ಹಾಗಾದರೆ ಹೆದರಬೇಡಿ. ಏನಾದರೂ ಅಂದರೆ ಕರೆದುಕೊಂಡು ಬನ್ನಿ.”

ಕ್ಲೆಮ್ ಪರದೆಯನ್ನೇ ನೋಡುತ್ತಿದ್ದ. “ಗೆಡ್ಡೆ ಇಲ್ವಾ?”

“ಇಲ್ಲ. ತಂತಿ ಮಾತ್ರ.”

ಅವನು ಸೊಸೆಯನ್ನು ಬೆರಳಾಡಿಸಿ ಹತ್ತಿರ ಕರೆದ. “ನಿಂದೇ ತಪ್ಪು,” ಅಂದ.

ಲಿಯಾನ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಅತ್ತಳು. ಯಾವುದು ಎಷ್ಟೆಂದು ಹೇಳುವ ಹಾಗಿರಲಿಲ್ಲ. ಡಲ್ಸಿಗೆ ನಗು ಬರಲಿಲ್ಲ. ಅಷ್ಟು ವಾರ ಅವಳು ಅಣಿಯಾಗಿದ್ದದ್ದು ನಿಧಾನವಾದ ಸಾವಿಗೆ. ಈಗ ಅದು ಆ ಬಾಗಿಲ ಹಿಂದೆ, ಒಂದು ಗಳಿಗೆಯಲ್ಲಿ ಬರಬಹುದಾಗಿತ್ತು. ಮಂಚವನ್ನು ತಳ್ಳಿಕೊಂಡು ಹೋಗುವಾಗ ಅವಳು ಅವನ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡಳು, ಬಾಗಿಲು ಬಂದಾಗ ಬಿಡಬೇಕಾಯಿತು. ಆಮೇಲೆ ಅತ್ತೆ ಸೊಸೆ ಪಕ್ಕಪಕ್ಕದಲ್ಲಿ ಕೂತರು. ಯಾರ ಕೈ ಯಾರದನ್ನು ಹಿಡಿದಿತ್ತೋ, ಇಬ್ಬರ ಬೆರಳೂ ಮರಗಟ್ಟುವವರೆಗೂ ಬಿಡಲಿಲ್ಲ.

ಬಿರುಬೇಸಿಗೆಯಲ್ಲಿ, ಕ್ರಿಸ್‌ಮಸ್‌ಗೆ ಮೊದಲು, ಕ್ಲೆಮ್ ಮನೆಗೆ ಬಂದ. ಕತ್ತಿನಲ್ಲಿ ಹೊಲಿಗೆಯ ಗುರುತು, ದನಿಯ ಜಾಗದಲ್ಲಿ ಒಂದು ಪಿಸುಮಾತು. ದನಿ ಬರಬಹುದು, ಬರದೆಯೂ ಇರಬಹುದು ಅಂದಿದ್ದರು. ಲಿಯಾನ್ ಆಲೂಗಡ್ಡೆ ಬೇಯಿಸಿ ಬೆಣ್ಣೆ ಹಾಕಿ ನುಣ್ಣಗೆ ಹಿಸುಕಿದಳು. ಡಲ್ಸಿ ಅದನ್ನು ಇಸಿದುಕೊಂಡು ಫೋರ್ಕಿನಿಂದ ಮತ್ತೊಮ್ಮೆ ಕೆದಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಲಿಯಾನ್ ಆಗಲೇ ಎರಡು ಸಲ ಹಾಗೆ ನೋಡಿದ್ದಳು.

ಎಲ್ಲರೂ ಮೇಜಿಗೆ ಕೂತರು. ಕ್ಲೆಮ್ ಚಮಚ ಬಾಯಿಗಿಟ್ಟಾಗಲೆಲ್ಲ ಮಾತು ನಿಲ್ಲುತ್ತಿತ್ತು. ನುಂಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

“ಏನ್ರೋ,” ಅಂದ ಪಿಸುದನಿಯಲ್ಲಿ. “ಸರ್ಕಸ್ಸಾ? ಟಿಕೆಟ್ ತಗೊಂಡಿದ್ದೀರಾ?”

ಗ್ರಾಂಟ್ ಜೋರಾಗಿ ನಕ್ಕ. ಉಳಿದವರೂ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಜೋಡಿ ತನ್ನ ಚಮಚ ಕೆಳಗಿಟ್ಟಳು.

“ಅಮ್ಮ, ನಂಗೂ ಗಂಟಲು ನೋಯ್ತಿದೆ.”

ಲಿಯಾನ್ ಮಗಳ ಗಲ್ಲ ಹಿಡಿದು ಮುಖ ಮೇಲೆತ್ತಿದಳು. “ಎಲ್ಲಿ? ಚುಚ್ಚಿದಂಗಾ? ಯಾವಾಗಿಂದ?”

“ಗೊತ್ತಿಲ್ಲ. ಇವತ್ತಿಂದ.”

“ಮಧ್ಯಾಹ್ನವೆಲ್ಲ ಈಜುಕೊಳದಲ್ಲಿ ಕಿರುಚಾಡಿದ್ದಾಳೆ,” ಅಂದ ಗ್ರಾಂಟ್. “ಅದೇ ಇರುತ್ತೆ. ಅದಾಗಿ ಎಷ್ಟು ವಾರ ಆಯ್ತು, ಈಗ ಬರುತ್ತಾ? ಬೆಳಿಗ್ಗೆ ನೋಡೋಣ.”

ಹೌದೆಂದು ಡಲ್ಸಿಗೂ ಅನಿಸಿತು. ಅನಿಸಿದರೂ ಗಂಡನ ಕಡೆ ನೋಡಿದಳು. ಅವನ ಕುರ್ಚಿ ಖಾಲಿಯಿತ್ತು. ಕ್ಲೆಮ್, ಕತ್ತಿಗೆ ಕಟ್ಟಿದ ಊಟದ ಬಟ್ಟೆಯ ಸಮೇತ, ಮೊಳೆಯಿಂದ ಟೋಪಿ ಎತ್ತಿಕೊಂಡು ಗಾಡಿಯ ಕೀ ತಡಕುತ್ತಿದ್ದ.

“ಅಪ್ಪ, ಬರೀ ಶೀತ ಅಷ್ಟೆ. ಬೆಳಿಗ್ಗೆ—”

“ಬೆಳಿಗ್ಗೆ ಆಗ್ಲಿ, ಸುಗ್ಗಿ ಮುಗೀಲಿ. ಹಂಗಂದೋನು ಈ ಮನೇಲಿ ಒಬ್ಬ ಸಾಕು,” ಅಂದ. ಅಷ್ಟು ದೊಡ್ಡ ಮಾತಿಗೆ ಉಸಿರು ಸಾಲದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಸುಧಾರಿಸಿಕೊಂಡು, ಹೊರಗೆ ಹೋದ.

ಗ್ರಾಂಟ್ ಇನ್ನೂ ಏನೋ ಹೇಳುತ್ತಿದ್ದ. ಲಿಯಾನ್ ಮಗಳ ಚಪ್ಪಲಿ ಹುಡುಕುತ್ತಿದ್ದಳು. ಜೋಡಿ, ತಾನೇನು ಮಾಡಿಬಿಟ್ಟೆನೆಂದು ಗೊತ್ತಾಗದೆ, “ಅಷ್ಟೇನೂ ನೋವಿಲ್ಲ, ನಿಜ್ವಾಗ್ಲೂ,” ಅನ್ನುತ್ತಿದ್ದಳು. ಡಲ್ಸಿ ಒಲೆ ಆರಿಸಿದಳು.

ಹೊರಗೆ ಇಂಜಿನ್ ಗುರುಗುಟ್ಟಿತು. ಕೂಗಿ ಕರೆಯಲು ದನಿಯಿಲ್ಲದ ಕ್ಲೆಮ್ ಹಾರ್ನಿನ ಮೇಲೆ ಕೈಯಿಟ್ಟ. ಕೊನೆಯವರು ಬಂದು ಗಾಡಿಯ ಬಾಗಿಲು ಹಾಕಿಕೊಳ್ಳುವವರೆಗೂ ಕೈ ತೆಗೆಯಲಿಲ್ಲ.